ರಕ್ತದಾನ ಶಿಬಿರ: ಸೂಜಿಗೆ ಮೊದಲಿನ ಕೆಲಸ, ಸೂಜಿಯ ನಂತರದ ಕೆಲಸ

ಶಿಬಿರ ಅಂದರೆ ಎಲ್ಲರ ಕಣ್ಣೂ ಸೂಜಿಯ ಮೇಲೆ. ಊರ ಸಮುದಾಯ ಭವನದಲ್ಲಿ ನಾವು ನಡೆಸುವ ಶಿಬಿರಗಳಲ್ಲಿ ಎಡವಟ್ಟಾಗುವುದು ಬಹುಪಾಲು ಬೇರೆ ಕಡೆ: ಖಾಲಿ ಹೊಟ್ಟೆಯಲ್ಲಿ, ಉದ್ದ ಸಾಲಿನಲ್ಲಿ, ಬಿಸ್ಕತ್ತಿನ ಮೇಜಿನ ಹತ್ತಿರ.

ಮೊದಲು ದಿನಾಂಕ. ನವೆಂಬರ್ 1, ನಾಯಕರ ಜಯಂತಿ, ಸಿನಿಮಾ ನಟರ ಹುಟ್ಟುಹಬ್ಬ, ಇಂಥ ದಿನ ಹೋಬಳಿಗೊಂದು ಶಿಬಿರ ಇರುತ್ತದೆ. ಸಿಪಿಡಿಎ (ರಕ್ತ ಹೆಪ್ಪುಗಟ್ಟದಂತೆ ಕಾಯುವ ದ್ರಾವಣ) ಇರುವ ಚೀಲದ ರಕ್ತಕ್ಕೆ 2ರಿಂದ 6 ಡಿಗ್ರಿ ತಂಪಿನಲ್ಲಿ 35 ದಿನ ಆಯಸ್ಸು, ಪ್ಲೇಟ್‌ಲೆಟ್‌ಗೆ ಐದೇ ದಿನ. ಒಂದೇ ದಿನ ರಾಶಿ ಬಿದ್ದರೆ ಎಲ್ಲದರ ಅವಧಿಯೂ ಒಟ್ಟಿಗೇ ಮುಗಿಯುತ್ತದೆ. ಹಾಗಾಗಿ ಬ್ಯಾನರ್ ಬರೆಸುವ ಮೊದಲೇ ರಕ್ತನಿಧಿಗೆ ಫೋನ್ ಮಾಡಿ, ಯಾವ ವಾರ ಕೊರತೆ, ಯಾವ ಗುಂಪು ಬೇಕು ಎಂದು ಕೇಳುತ್ತೇವೆ. ಕಾಲೇಜಿಗೆ ರಜೆ ಇರುವ ಏಪ್ರಿಲ್-ಮೇನಲ್ಲಿ ದಾನಿಗಳೇ ಸಿಗುವುದಿಲ್ಲ, ಆಗ ಮಾಡಿದ ಸಣ್ಣ ಶಿಬಿರಕ್ಕೆ ಬೆಲೆ ಹೆಚ್ಚು. ಏಕಾದಶಿ, ಶ್ರಾವಣದ ಸೋಮವಾರ, ರಂಜಾನ್ ತಿಂಗಳ ಹಗಲು ಬೇಡ. ಉಪವಾಸ ಇದ್ದವರಿಂದ ರಕ್ತ ತೆಗೆಯುವಂತಿಲ್ಲ.

ಎಷ್ಟು ಜನ ಅನ್ನುವುದಕ್ಕೆ ನಿಯಮದಲ್ಲೇ ಲೆಕ್ಕವಿದೆ. ಒಬ್ಬ ವೈದ್ಯರು, ಇಬ್ಬರು ನರ್ಸ್, ಮೂವರು ತಂತ್ರಜ್ಞರು, 6ರಿಂದ 8 ಮಂಚ ಇರುವ ತಂಡ ಮೂರು ಗಂಟೆಯಲ್ಲಿ 50ರಿಂದ 70, ಐದು ಗಂಟೆಯಲ್ಲಿ 100ರಿಂದ 120 ದಾನಿಗಳನ್ನು ನೋಡಬಹುದು. ನಾವು ಬೆಳಿಗ್ಗೆ 9ರಿಂದ 2ರವರೆಗೆ ಅರ್ಧ ಗಂಟೆಗೆ ಹತ್ತು ಹೆಸರಿನಂತೆ ಬರೆದುಕೊಳ್ಳುತ್ತೇವೆ. ಇನ್ನೂರು ಜನರನ್ನು ಒಟ್ಟಿಗೆ ಕರೆದು ಬಿಸಿಲಲ್ಲಿ ನಿಲ್ಲಿಸಿದರೆ ಮಂಚ ತಲುಪುವಷ್ಟರಲ್ಲಿ ಅರ್ಧ ಜನ ಬಾಡಿರುತ್ತಾರೆ.

ಜಾಗ ನೆಲಮಹಡಿಯಲ್ಲೇ ಇರಬೇಕು. ಶಾಮಿಯಾನ ಬೇಡ, ಮಧ್ಯಾಹ್ನ ಅದರಡಿ ಸೆಕೆ ತಡೆಯಲಾಗುವುದಿಲ್ಲ. ಚೀಲ ತೂಗಾಡಿಸುವ ಯಂತ್ರಕ್ಕೂ ಕೊಳವೆ ಸೀಲ್ ಮಾಡುವ ಯಂತ್ರಕ್ಕೂ ಕರೆಂಟ್ ಬೇಕು, ಜನರೇಟರ್ ಹೇಳಿಟ್ಟಿರಬೇಕು. ಕಾಯುವವರಿಗೆ ಮಂಚ ಕಾಣದಂತೆ ಒಂದು ಪರದೆ ಕಟ್ಟಿ. ಮೊದಲ ಸಲ ಬಂದ ಹುಡುಗರು ಸೂಜಿ ನೋಡಿಯೇ ಬೆವರುವುದುಂಟು.

ಇನ್ನು ತಿಂಡಿ. ದಾನಿ ನಾಲ್ಕು ಗಂಟೆಯೊಳಗೆ ಏನಾದರೂ ತಿಂದಿರಬೇಕು. "ತಿಂಡಿ ಆಯ್ತಾ?" ಅಂದರೆ ಎಲ್ಲರೂ "ಆಯ್ತು" ಅನ್ನುತ್ತಾರೆ, ಬಿಡಿಸಿ ಕೇಳಿದರೆ ಒಂದು ಲೋಟ ಕಾಫಿ ಆಗಿರುತ್ತದೆ. ಅದಕ್ಕೇ "ಏನು ತಿಂದ್ರಿ, ಎಷ್ಟೊತ್ತಿಗೆ?" ಎಂದು ಕೇಳಬೇಕು. ಬಹಳ ಕಡೆ ತಿಂಡಿಯನ್ನು ದಾನದ ನಂತರಕ್ಕೆ ಇಡುತ್ತಾರೆ. ನಾವು ಬಾಗಿಲಲ್ಲೇ ಇಡ್ಲಿ ಕೊಡುತ್ತೇವೆ. ವಡೆ, ಪೂರಿ ಬೇಡ: ಎಣ್ಣೆ ತಿಂದವರ ಪ್ಲಾಸ್ಮಾ (ರಕ್ತದ ದ್ರವಭಾಗ) ಹಾಲಿನಂತೆ ಮಸುಕಾಗಿ ಪರೀಕ್ಷೆಗೂ ತೊಂದರೆ, ಪ್ಲಾಸ್ಮಾ ಚೆಲ್ಲಬೇಕಾಗಿಯೂ ಬರಬಹುದು. ಮಂಚ ಹತ್ತುವ ಮುಂಚೆ ಅರ್ಧ ಲೀಟರ್ ನೀರು. ತಲೆಸುತ್ತು ತಡೆಯಲು ಇಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ.

ವಯಸ್ಸು 18ರಿಂದ 65, ಮೊದಲ ಸಲದವರಾದರೆ 60ರೊಳಗೆ. 350 ಮಿಲಿ ಕೊಡಲು ತೂಕ ಕನಿಷ್ಠ 45 ಕೆಜಿ, 450 ಮಿಲಿಗೆ 55 ಮೇಲ್ಪಟ್ಟು. ಹಿಮೋಗ್ಲೋಬಿನ್ ಡೆಸಿಲೀಟರಿಗೆ ಕನಿಷ್ಠ 12.5 ಗ್ರಾಂ. ಇದನ್ನು ನೋಡುವ ಹಳೆಯ ವಿಧಾನ ನೀಲಿ ಮೈಲುತುತ್ತದ ದ್ರಾವಣ, ಸಾಂದ್ರತೆ 1.053. ಒಂದು ಸೆಂಟಿಮೀಟರ್ ಎತ್ತರದಿಂದ ಬಿಟ್ಟ ಹನಿ 15 ಸೆಕೆಂಡಿನೊಳಗೆ ಮುಳುಗಿದರೆ ಸರಿ. ಇದರಲ್ಲಿ ಸಂಖ್ಯೆ ಸಿಗುವುದಿಲ್ಲ, ಪಾಸೋ ಫೇಲೋ ಅಷ್ಟೇ. ಬೆರಳನ್ನು ಹಿಂಡಿ ತೆಗೆದರೆ ರಕ್ತಕ್ಕೆ ಮೈನೀರು ಸೇರಿ ಹನಿ ತೇಲುತ್ತದೆ. ಹನಿಯೊಳಗೆ ಗಾಳಿಗುಳ್ಳೆ ಇದ್ದರೂ ತೇಲುತ್ತದೆ. 30 ಮಿಲಿ ದ್ರಾವಣದಲ್ಲಿ 25 ಜನರಾದ ಮೇಲೆ ಬದಲಾಯಿಸಲೇಬೇಕು. ಹನಿ ತೇಲಿದವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, "ನಿಮ್ಮಲ್ಲಿ ರಕ್ತ ಇಲ್ಲ" ಎಂದು ಎಲ್ಲರೆದುರು ಹೇಳಿ ಕಳಿಸಬಾರದು. ಯಂತ್ರದಲ್ಲಿ ಇನ್ನೊಮ್ಮೆ ನೋಡಿ, ಬಂದ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಟ್ಟು, ಆರೋಗ್ಯ ಕೇಂದ್ರಕ್ಕೆ ಹೋಗಲು ಹೇಳಬೇಕು.

ಪ್ರಶ್ನೆ ಕೇಳುವ ಮೇಜು ಗದ್ದಲದಿಂದ ದೂರವಿರಲಿ. ಪಕ್ಕದಲ್ಲಿ ಗೆಳೆಯ ನಿಂತಿದ್ದರೆ ಯಾರೂ ನಿಜ ಹೇಳುವುದಿಲ್ಲ. ಹಚ್ಚೆ ಹಾಕಿಸಿದ್ದರೆ 12 ತಿಂಗಳು, ಹಲ್ಲು ಕೀಳಿಸಿದ್ದರೆ 6 ತಿಂಗಳು, ಡೆಂಗಿ ವಾಸಿಯಾದ ಮೇಲೆ 6, ಟೈಫಾಯಿಡ್‌ಗೆ 12, ಮಲೇರಿಯಾಕ್ಕೆ 3 ತಿಂಗಳು ಕಾಯಬೇಕು. ನಾಯಿ ಕಚ್ಚಿ ಇಂಜೆಕ್ಷನ್ ತೆಗೆದುಕೊಂಡಿದ್ದರೆ ಒಂದು ವರ್ಷ. ಆಂಟಿಬಯೋಟಿಕ್ ಮಾತ್ರೆ ಮುಗಿದು ಎರಡು ವಾರ. ಇನ್ಸುಲಿನ್ ಮೇಲಿರುವವರು ಕೊಡುವಂತಿಲ್ಲ. ರಾತ್ರಿ ಪಾಳಿ ಮುಗಿಸಿ ನಿದ್ದೆಯಿಲ್ಲದೆ ಬಂದವರೂ ಬೇಡ. ದೂರದ ಬಸ್ಸು, ಲಾರಿ ಓಡಿಸುವವರಿಗೆ ಮುಂದಿನ 24 ಗಂಟೆಯಲ್ಲಿ ಡ್ಯೂಟಿ ಇದ್ದರೆ ಇನ್ನೊಂದು ದಿನ ಬನ್ನಿ ಅನ್ನುತ್ತೇವೆ. ಅಡಿಕೆ, ತೆಂಗು ಹತ್ತುವವರಿಗೂ ಅದೇ ಮಾತು. ಮರದ ಮೇಲೆ ಕಣ್ಣು ಕತ್ತಲೆ ಬಂದರೆ ಗತಿ ಏನು?

ಮಂಚದ ಮೇಲೆ ಆಗುವುದು ಬೇಗ ಮುಗಿಯುವ ಕೆಲಸ. ಚರ್ಮ ಒರೆಸಿ, ಆರಲು ಬಿಟ್ಟು, ಮತ್ತೆ ಬೆರಳು ತಾಗಿಸದೆ 16 ಗೇಜ್ ಸೂಜಿ. 350 ಮಿಲಿ ತುಂಬಲು 5ರಿಂದ 8 ನಿಮಿಷ. ತೀರಾ ನಿಧಾನವಾಗಿ ತುಂಬಿದ ಚೀಲ ಪ್ಲೇಟ್‌ಲೆಟ್‌ಗೆ ಬಾರದು. ಹರಿವು ಕುಗ್ಗಿದರೆ ಮೊದಲು ಮಡಚಿದ ತೋಳು ನೋಡಿ, ಬಿಗಿಯಾದ ಷರ್ಟಿನ ತೋಳೇ ಕಾರಣವಾಗಿರುತ್ತದೆ. ಸೂಜಿ ಸುತ್ತ ಊದಿದರೆ ನರ್ಸ್ ಕೂಡಲೇ ತೋಳಿಗೆ ಕಟ್ಟಿದ ಪಟ್ಟಿ ಸಡಿಲಿಸಿ, ಸೂಜಿ ತೆಗೆದು, ಕೈ ಎತ್ತಿಸಿ ಒತ್ತಿಹಿಡಿಯಬೇಕು. ರಕ್ತ ಕಡುಗೆಂಪಾಗಿರದೆ ತಿಳಿಗೆಂಪಾಗಿ ಮಿಡಿಯುತ್ತ ಬಂದರೆ ಅದು ಧಮನಿ. ಸೂಜಿ ತೆಗೆದು ಹತ್ತು ನಿಮಿಷಕ್ಕೆ ಕಡಿಮೆಯಿಲ್ಲದೆ ಒತ್ತಬೇಕು.

ಬೀಳುವುದು ಮಂಚದಲ್ಲಲ್ಲ, ಎದ್ದ ಮೇಲೆ. ಫೋಟೋದ ಚಟವೇ ಇದಕ್ಕೆ ಮುಖ್ಯ ಕಾರಣ ಎಂಬುದು ನಮ್ಮ ತೀರ್ಮಾನ: ಸರ್ಟಿಫಿಕೇಟ್ ಹಿಡಿದು ಅತಿಥಿಗಳ ಪಕ್ಕ ನಿಲ್ಲಲು ದಾನಿ ತಟ್ಟನೆ ಏಳುತ್ತಾನೆ. ಹಾಗಾಗಿ ಸರ್ಟಿಫಿಕೇಟನ್ನು ಕುಳಿತಲ್ಲಿಗೇ ತಲುಪಿಸುತ್ತೇವೆ. ಹದಿನೈದು ನಿಮಿಷ ವಿಶ್ರಾಂತಿ, ಮೊದಲು ಮಲಗಿ, ಆಮೇಲೆ ಕುಳಿತು. ಆ ಹೊತ್ತು ಒಬ್ಬ ಸ್ವಯಂಸೇವಕನಿಗೆ ಮುಖ ನೋಡುವುದೊಂದೇ ಕೆಲಸ. ಆಕಳಿಕೆ, ತುಟಿ ಬಿಳಿಚುವುದು, ಹಣೆಯಲ್ಲಿ ತಣ್ಣನೆ ಬೆವರು, ಮಾತಾಡುತ್ತಿದ್ದವರು ಸುಮ್ಮನಾಗುವುದು, ಇವೇ ಲಕ್ಷಣ. ಕಂಡ ತಕ್ಷಣ ನೆಲದ ಮೇಲಾದರೂ ಮಲಗಿಸಿ ಕಾಲು ಎತ್ತಬೇಕು. ಪ್ರಜ್ಞೆ ಪೂರ್ತಿ ಬರುವವರೆಗೆ ಬಾಯಿಗೆ ಏನೂ ಹಾಕಬಾರದು. ಶೌಚಾಲಯಕ್ಕೆ ಒಂಟಿಯಾಗಿ ಬಿಡಬೇಡಿ, ಒಳಗೆ ಚಿಲಕ ಹಾಕಿಕೊಳ್ಳಬೇಡಿ ಎಂದು ಹೇಳಿ ಕಳಿಸಿ.

ಬ್ಯಾಂಡೇಜ್ 4ರಿಂದ 6 ಗಂಟೆ ಇರಲಿ, ಆ ಕೈಯಲ್ಲಿ ಅಂದು ಸಿಲಿಂಡರ್, ಮೂಟೆ ಎತ್ತಬೇಡಿ. ಹೋದ ನೀರಿನಂಶ ಒಂದೆರಡು ದಿನದಲ್ಲಿ ತುಂಬುತ್ತದೆ, ಕಬ್ಬಿಣಾಂಶಕ್ಕೆ ವಾರಗಳೇ ಬೇಕು. ಬೀಟ್‌ರೂಟ್ ಕೆಂಪಗಿದೆ ಎಂದು ಅದನ್ನೇ ನಂಬಬೇಡಿ. ಹುರುಳಿ, ಸೊಪ್ಪು, ಕಾಳಿನ ಜೊತೆಗೆ ನಿಂಬೆಹುಳಿ ಇರಲಿ, ಊಟದ ಬೆನ್ನಿಗೇ ಕಾಫಿ-ಟೀ ಬೇಡ. ಗಂಡಸರು ಮತ್ತೆ ಕೊಡಲು 3 ತಿಂಗಳು, ಹೆಂಗಸರು 4 ತಿಂಗಳು ಕಾಯಬೇಕು.

ಭಾಷಣದ ವಿಷಯ ಒಂದು ಮಾತು. ಪ್ಲೇಟ್‌ಲೆಟ್ ಬೇರ್ಪಡಿಸಬೇಕಾದ ಚೀಲ 20ರಿಂದ 24 ಡಿಗ್ರಿಯಲ್ಲೇ ಇದ್ದು ಕೆಲವೇ ಗಂಟೆಯೊಳಗೆ ರಕ್ತನಿಧಿ ಸೇರಬೇಕು. ಉದ್ಘಾಟನೆಗೆ ಅತಿಥಿ 11ಕ್ಕೆ ಬಂದರೆ ಕಾಯುವುದಿಲ್ಲ, 9ಕ್ಕೇ ಕೆಲಸ ಶುರುವಾಗಿರುತ್ತದೆ. ಮೊದಲ ಕಂತಿನ ಚೀಲಗಳು ಮಧ್ಯಾಹ್ನದೊಳಗೆ ಒಂದು ವಾಹನದಲ್ಲಿ ಹೊರಡುತ್ತವೆ. ಸಂಜೆ ಸೂಜಿ, ರಕ್ತದ ಹತ್ತಿಯೆಲ್ಲ ರಕ್ತನಿಧಿಯವರೇ ಕೊಂಡೊಯ್ಯುತ್ತಾರೆ. ಬಾಳೆಹಣ್ಣಿನ ಸಿಪ್ಪೆ, ಕಾಗದದ ಲೋಟ ನಮ್ಮ ಪಾಲು.