ರಾಕ್ ಹಾಡನ್ನು ಜೋಗುಳಕ್ಕೆ ಇಳಿಸಿದ ಬಗೆ

ರಾಕ್ ಹಾಡುಗಳನ್ನು ಮಾತು ತೆಗೆದು ಜೋಗುಳವಾಗಿಸುವುದು ಹೊಸ ಸಂಗತಿಯೇನಲ್ಲ. ಅಮೆರಿಕದ ‘ರಾಕಬೈ ಬೇಬಿ’ ಮಾಲೆಯವರು 2006ರಿಂದಲೇ ಮೆಟಾಲಿಕಾ, ರೇಡಿಯೋಹೆಡ್, ಕೋಲ್ಡ್‌ಪ್ಲೇ ಮುಂತಾದ ತಂಡಗಳ ಹಾಡುಗಳನ್ನು ಗ್ಲಾಕೆನ್‌ಸ್ಪೀಲ್, ವೈಬ್ರಫೋನ್‌ನಂಥ ವಾದ್ಯಗಳಲ್ಲಿ ನುಡಿಸಿ ಹೊರತರುತ್ತಿದ್ದಾರೆ. ಮಗಳು ಹುಟ್ಟಿದ ಹೊಸತರಲ್ಲಿ ನಾನೂ ಅವನ್ನೇ ಫೋನಿನಲ್ಲಿ ಹಾಕುತ್ತಿದ್ದೆ. ಆದರೆ ಸೋಮವಾರಪೇಟೆ ಕಡೆಯ ಜುಲೈ ಮಳೆ ಶೀಟಿನ ಮಾಡಿನ ಮೇಲೆ ಸುರಿಯತೊಡಗಿದರೆ ಆ ಕಿಣಿಕಿಣಿ ನಾದ ಕಿವಿಗೇ ಬೀಳುವುದಿಲ್ಲ. ಬೀಳುವಷ್ಟು ದನಿ ಏರಿಸಿದರೆ ಅದು ಜೋಗುಳವಾಗಿ ಉಳಿಯುವುದಿಲ್ಲ. ಕರೆಂಟು ಹೋದ ರಾತ್ರಿಗಳಲ್ಲಿ ಬ್ಯಾಟರಿಯ ಚಿಂತೆ ಬೇರೆ. ಹಾಗಾಗಿ ಮೂಲೆಯಲ್ಲಿದ್ದ ಗಿಟಾರನ್ನು ಇಳಿಸಿ, ಉಕ್ಕಿನ ತಂತಿಯದನ್ನು ಬಿಟ್ಟು ನೈಲಾನ್ ತಂತಿಯದನ್ನೇ ಆರಿಸಿಕೊಂಡು, ನಾನೇ ನುಡಿಸತೊಡಗಿದೆ.

ಮೊದಲು ಹಿಡಿದದ್ದು ಮೆಟಾಲಿಕಾದ 1991ರ ‘ನಥಿಂಗ್ ಎಲ್ಸ್ ಮ್ಯಾಟರ್ಸ್’. 2011ರ ಅಕ್ಟೋಬರಿನಲ್ಲಿ ಆ ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ ಗಂಟಲು ಹರಿಯುವಂತೆ ಕೂಗಿದ್ದವರಲ್ಲಿ ನಾನೂ ಒಬ್ಬ. ಆದರೆ ಈ ಆಯ್ಕೆಗೆ ಕಾರಣ ಅಭಿಮಾನವಲ್ಲ, ಲಯ. ಮೂರು ಮೂರರಂತೆ ಆರು ಎಣಿಕೆಯಲ್ಲಿ ಸಾಗುವ ಈ ಹಾಡಿನ ನಡೆ ತೊಟ್ಟಿಲ ತೂಗಾಟಕ್ಕೆ ತಾನಾಗಿಯೇ ಹೊಂದುತ್ತದೆ. ಇನ್ನೊಂದು ಅನುಕೂಲವೂ ಇದೆ. ಇದರ ಆರಂಭದ ಸ್ವರಗಳೆಲ್ಲ ಎಡಗೈಯಿಂದ ಒತ್ತಬೇಕಿಲ್ಲದ ಬಿಡಿ ತಂತಿಗಳಲ್ಲೇ ಸಿಗುವುದರಿಂದ, ಬಲಗೈ ಹೆಬ್ಬೆರಳಿನ ಮೃದು ಭಾಗದಿಂದ ಮೀಟುತ್ತ, ಎಡಗೈಯಿಂದ ಮಗುವಿನ ಬೆನ್ನು ತಟ್ಟುತ್ತ ಕೂರಬಹುದು. ಅಷ್ಟನ್ನೇ ಸುತ್ತಿ ಸುತ್ತಿ ನುಡಿಸಿದರೂ ನಡೆಯುತ್ತದೆ.

ವೇಗ ತಗ್ಗಿಸಿದ ಮಾತ್ರಕ್ಕೆ ರಾಕ್ ಹಾಡು ಜೋಗುಳವಾಗುವುದಿಲ್ಲ ಎಂಬುದು ಅಮ್ಮ ತೊಟ್ಟಿಲು ತೂಗುವುದನ್ನು ಗಮನಿಸಿದಾಗ ಹೊಳೆಯಿತು. ಆಕೆಯ ಜೋಗುಳ ನಾಲ್ಕೈದು ಸ್ವರಗಳಾಚೆ ಹೋಗುವುದಿಲ್ಲ, ಪ್ರತಿ ಸಾಲೂ ಕೆಳಕ್ಕೆ ಇಳಿದೇ ಮುಗಿಯುತ್ತದೆ, ಮುಂದೇನು ಬರುತ್ತದೆ ಎಂಬುದು ಮಗುವಿಗೆ ಮೊದಲೇ ಗೊತ್ತಿರುತ್ತದೆ. ರಾಕ್ ಸಂಗೀತದ ಜೀವಾಳವಾದರೋ ಇದಕ್ಕೆ ತದ್ವಿರುದ್ಧ: ಮೆಲ್ಲನೆ ಶುರುವಾಗಿ, ಎದೆ ಹಿಡಿದಿಟ್ಟು, ಥಟ್ಟನೆ ಸ್ಫೋಟಿಸುವುದು. ಆದ್ದರಿಂದ ನಾನು ಹಾಡಿನ ನಡುವೆ ಗಿಟಾರ್ ಒಂಟಿಯಾಗಿ ಮೆರೆಯುವ ಸೋಲೋವನ್ನು ಪೂರ್ತಿ ಕೈಬಿಟ್ಟೆ; ಮೇಲಕ್ಕೆ ಏರಿ ನಿಲ್ಲುವ ಸಾಲುಗಳನ್ನು ಒಂದು ಸಪ್ತಕ ಕೆಳಗೆ ತಂದೆ; ದನಿಯನ್ನು ಆದಿಯಿಂದ ಅಂತ್ಯದವರೆಗೆ ಒಂದೇ ಮಟ್ಟದಲ್ಲಿರಿಸಿದೆ.

ಮಳೆಯಿಲ್ಲದ ದಿನಗಳಿಗೆಂದು ಹೆಬ್ಬೆರಳುಗಳಿಂದ ಮೀಟುವ, ಹದಿನೇಳು ಲೋಹದ ಪಟ್ಟಿಗಳ ಕಲಿಂಬಾ ಎಂಬ ಪುಟ್ಟ ವಾದ್ಯವೊಂದನ್ನು ತರಿಸಿದೆ. ಸಿ ಮೇಜರ್ ಎಂಬ ಸ್ವರಶ್ರೇಣಿಗೆ ಶ್ರುತಿ ಮಾಡಿದ ಆ ವಾದ್ಯದಲ್ಲಿ ಶಾರ್ಪ್, ಅಂದರೆ ಅರ್ಧ ಮೆಟ್ಟಿಲು ಏರಿಸಿದ, ಸ್ವರಗಳೇ ಇಲ್ಲ. ಇ ಮೈನರ್ ಶ್ರೇಣಿಯ ‘ನಥಿಂಗ್ ಎಲ್ಸ್ ಮ್ಯಾಟರ್ಸ್’ ಹಾಡನ್ನು ಎ ಮೈನರ್‌ಗೆ ಸರಿಸಿದರೆ ಬಹುತೇಕ ಸ್ವರಗಳು ಸಿಗುತ್ತವೆ. ಪಲ್ಲವಿ ಮುಗಿಯುವ ಮುನ್ನ ಬರುವ ಕಾರ್ಡ್‌ಗೆ (ಒಟ್ಟಿಗೆ ನುಡಿಸುವ ಸ್ವರಗುಚ್ಛಕ್ಕೆ) ಮಾತ್ರ ಜಿ ಶಾರ್ಪ್ ಬೇಕು. ಅಲ್ಲಿ ನಾನು ಇ ಸ್ವರವೊಂದನ್ನೇ ನುಡಿಸಿ ಮುಂದೆ ಸಾಗುತ್ತೇನೆ. ಕೇಳುಗರನ್ನು ತುದಿಗಾಲಲ್ಲಿ ನಿಲ್ಲಿಸುವುದೇ ಆ ಕಾರ್ಡ್‌ನ ಕೆಲಸವಾದ್ದರಿಂದ, ನಿದ್ದೆಯ ದೃಷ್ಟಿಯಿಂದ ಅದು ಇಲ್ಲದಿರುವುದೇ ಲೇಸು.

ಎಲ್ಲ ಹಾಡುಗಳೂ ಬಗ್ಗುವುದಿಲ್ಲ. ಕ್ವೀನ್ ತಂಡದ 1977ರ ‘ವಿ ವಿಲ್ ರಾಕ್ ಯೂ’ ಹಾಡಿನಿಂದ ಕಾಲಿನ ಬಡಿತವನ್ನೂ ಚಪ್ಪಾಳೆಯನ್ನೂ ತೆಗೆದರೆ ತೊಟ್ಟಿಲಿಗೆ ಕಟ್ಟುವಂಥದ್ದು ಹೆಚ್ಚೇನೂ ಉಳಿಯದು. ದ ವೈಟ್ ಸ್ಟ್ರೈಪ್ಸ್ ತಂಡದ ‘ಸೆವೆನ್ ನೇಷನ್ ಆರ್ಮಿ’ಯಲ್ಲಿ ಮತ್ತೆ ಮತ್ತೆ ಮರಳುವ ಏಳು ಸ್ವರಗಳ ರಿಫ್ ಎಷ್ಟು ನಿಧಾನಿಸಿದರೂ ಕವಾಯತಿನಂತೆಯೇ ಕೇಳುತ್ತದೆ. ಐರನ್ ಮೇಡನ್‌ನ ‘ದ ಟ್ರೂಪರ್’ ಕುದುರೆಯೋಟದ ಲಯದ್ದು. ಅದನ್ನು ಬೆಳಿಗ್ಗೆ ಮಗಳನ್ನು ಮೊಣಕಾಲ ಮೇಲೆ ಕೂರಿಸಿ ಕುಣಿಸುವುದಕ್ಕೆಂದು ಇಟ್ಟುಕೊಂಡಿದ್ದೇನೆ, ಅದಕ್ಕೆ ಯಾವ ಬದಲಾವಣೆಯೂ ಬೇಕಾಗಿಲ್ಲ.