ತಪ್ಪುಗಳ ಲೆಡ್ಜರ್: ಮಗನ ಎಸ್ಸೆಸ್ಸೆಲ್ಸಿಗೆ ನಾನು ಇಟ್ಟ ಲೆಕ್ಕ

"ಪುಸ್ತಕ ಮುಚ್ಚಿಸಿ ಮಕ್ಕಳನ್ನು ಓದಿಸುವವರನ್ನು ನಾನು ಇಲ್ಲಿಯೇ ನೋಡಿದ್ದು, ಅತ್ತಿಗೆ" ಎಂದು 2024ರ ದೀಪಾವಳಿಗೆ ಬಂದಿದ್ದ ನಾದಿನಿ ಹೇಳಿದಾಗ ಮನೆಯಲ್ಲಿ ಒಬ್ಬರೂ ನನ್ನ ಪರವಾಗಿ ಮಾತನಾಡಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಮಗನಿಗೆ ಗಣಿತದಲ್ಲಿ 80ಕ್ಕೆ 31, ವಿಜ್ಞಾನದಲ್ಲಿ 38ರ ಆಸುಪಾಸು ಅಂಕಗಳು ಬಂದಿದ್ದವು. ಅಂಥ ಹೊತ್ತಿನಲ್ಲಿ ನಾನು ಅವನ ಟ್ಯೂಷನ್ ಬಿಡಿಸಿ ಮನೆಯಲ್ಲಿಯೇ ಕೂರಿಸಿದ್ದೆ. 2025ರ ಮೇ 2ರಂದು ಫಲಿತಾಂಶ ಬಂದಾಗ ಅವನಿಗೆ ಒಟ್ಟು 625ಕ್ಕೆ 563, ಗಣಿತದ ಲಿಖಿತ ಪರೀಕ್ಷೆಯಲ್ಲಿ 80ಕ್ಕೆ 72 ಅಂಕಗಳಿದ್ದವು. ಈ ವರ್ಷ ನಾದಿನಿಯ ಮಗಳೇ ಹತ್ತನೆಯ ತರಗತಿಯಲ್ಲಿದ್ದಾಳೆ. ವಾರಕ್ಕೆರಡು ಸಲ ಫೋನಿನಲ್ಲಿ ತುಂಡು ತುಂಡಾಗಿ ಹೇಳುವ ಬದಲು ಮಗನ ತಪ್ಪುಗಳನ್ನು ಸಾಲದ ಖಾತೆಯಂತೆ ಬರೆದಿಟ್ಟು, ಪುಸ್ತಕ ಮುಚ್ಚಿಸಿ ಮತ್ತೆ ಮತ್ತೆ ಕೇಳಿದ ನನ್ನ ಕ್ರಮವನ್ನು ಒಮ್ಮೆ ಬರೆದೇ ಇಡುತ್ತೇನೆ. ಹತ್ತನೆಯ ತರಗತಿಯ ಮಕ್ಕಳಿರುವ ಮನೆಯವರಿಗೆ ಪರೀಕ್ಷೆಯ ರೀತಿಯನ್ನು ನಾನು ವಿವರಿಸಬೇಕಾಗಿಲ್ಲ.

ನಾನು ಉಡುಪಿ ಬಳಿಯ ಕಟಪಾಡಿ ಕಡೆಯ ಒಂದು ಸಹಕಾರಿ ಸಂಘದಲ್ಲಿ ಹದಿನೇಳು ವರ್ಷಗಳಿಂದ ಗುಮಾಸ್ತೆ. ಸಾಲದ ಲೆಡ್ಜರು ಎಂದರೆ ಖಾತೆ ಪುಸ್ತಕ, ವಾಯಿದೆ ಎಂದರೆ ಕಟ್ಟಬೇಕಾದ ದಿನ, ಸುಸ್ತಿ ಎಂದರೆ ವಾಯಿದೆ ತಪ್ಪಿದ ಬಾಕಿ, ಚುಕ್ತಾ ಎಂದರೆ ಪೂರ್ತಿ ತೀರಿದ ಲೆಕ್ಕ, ಇವೇ ನನ್ನ ದಿನದ ಮಾತು. ಈ ವಿಧಾನ ಹುಟ್ಟಿದ್ದು ಅಲ್ಲಿಂದ, ಆದರೆ ಹುಟ್ಟುವುದಕ್ಕೆ ಮೊದಲು ಬಹಳ ಹಣ ನೀರಿನಲ್ಲಿ ಹೋಮವಾಯಿತು. ಹಿರಿಯ ಮಗಳು 2023ರಲ್ಲಿ ಎಸ್ಸೆಸ್ಸೆಲ್ಸಿ ಬರೆದಳು. ಅವಳ ಟ್ಯೂಷನ್ನಿಗೆ ವರ್ಷಕ್ಕೆ ಸುಮಾರು 24,000 ರೂಪಾಯಿ, ಗೈಡುಗಳಿಗೆ ಎರಡು ಸಾವಿರದ ಹತ್ತಿರ. ಇವೆರಡರ ಮೇಲೆ, ಮನೆಗೇ ಬಂದು ಮಾತಿನಲ್ಲಿ ಮರುಳುಮಾಡಿದ ಒಬ್ಬ ಹುಡುಗನನ್ನು ನಂಬಿ ಮೊಬೈಲ್ ಪಾಠದ ಒಂದು ಕಂಪನಿಗೆ ಕಂತಿನಲ್ಲಿ ಕಟ್ಟಿದ 30,000 ಚಿಲ್ಲರೆ. ಎರಡು ತಿಂಗಳಲ್ಲಿ ಬೇಡವೆಂದಾಗ ಕಂತು ನಿಲ್ಲಿಸಲು ಪಟ್ಟ ಪಾಡು ಬೇರೆಯೇ ಕಥೆ; ಹಣವಂತೂ ವಾಪಸು ಬರಲಿಲ್ಲ. ಮಗಳಿಗೆ 487 ಬಂತು. ಕಡಿಮೆಯೇನಲ್ಲ, ಆದರೆ "ಎಲ್ಲ ಗೊತ್ತಿತ್ತು ಅಮ್ಮ, ಎಲ್ಲ ಬರೆದಿದ್ದೇನೆ" ಎಂದು ಅವಳು ಅತ್ತಾಗ ನನಗೆ ಸುಮ್ಮನಿರಲಾಗಲಿಲ್ಲ. 400 ಚಿಲ್ಲರೆ ರೂಪಾಯಿ ಕಟ್ಟಿ ಗಣಿತದ ಉತ್ತರಪತ್ರಿಕೆಯ ಪ್ರತಿಯನ್ನು ತರಿಸಿದೆ.

ಆ ಪ್ರತಿಯನ್ನು ಮುಂದಿಟ್ಟುಕೊಂಡು ಪರೀಕ್ಷಾ ಮಂಡಳಿಯವರು ಪ್ರಕಟಿಸಿದ ಮಾದರಿ ಉತ್ತರಗಳೊಡನೆ, ಸಂಘದಲ್ಲಿ ಆಡಿಟ್‌ನವರು ಬಂದಾಗ ಓಚರು ತಾಳೆ ನೋಡುವಂತೆ, ನಾನು ಒಂದೊಂದೇ ಸಾಲನ್ನು ನೋಡಿದೆ. ಕಳೆದುಹೋದ 22 ಅಂಕಗಳಲ್ಲಿ ನಿಜವಾಗಿ ಗೊತ್ತಿಲ್ಲದೆ ಹೋದವು ಆರೋ ಏಳೋ ಮಾತ್ರ. ಉಳಿದವು ಮೇಲ್ಮೈ ವಿಸ್ತೀರ್ಣಕ್ಕೆ ಏಕಮಾನ ಬರೆಯದೆ, ನಕ್ಷೆಗೆ ಪ್ರಮಾಣ ನಮೂದಿಸದೆ, ಪ್ರಮೇಯದ ಹಂತಕ್ಕೆ ಕಾರಣ ಕೊಡದೆ ಅರ್ಧ ಒಂದು ಎಂದು ಸೋರಿಹೋದವು. ಟ್ಯೂಷನ್ನಿನಲ್ಲಿ ಅವಳಿಗೆ ವರ್ಷವಿಡೀ ಗೊತ್ತಿದ್ದುದನ್ನೇ ಮತ್ತೆ ಕಲಿಸಿದ್ದರು. ಸೋರುವ ಜಾಗವನ್ನು ಯಾರೂ ನೋಡಿರಲಿಲ್ಲ. ಆ 24,000 ಕಲಿಸದ್ದನ್ನು ಈ 400 ಕಲಿಸಿತು.

ಹಾಗಿದ್ದೂ ಮಗನ ವಿಷಯದಲ್ಲಿ ನಾನು ಮೊದಲು ಎಲ್ಲರ ದಾರಿಯನ್ನೇ ಹಿಡಿದೆ. 2024ರ ಜೂನ್‌ನಲ್ಲಿ ಬಣ್ಣಬಣ್ಣದ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆವು. ಒಂಬತ್ತು ದಿನ ನಡೆಯಿತು, ಹತ್ತನೆಯ ದಿನ ಮಳೆಗೆ ರಜೆ ಸಾರಿದರು, ಅಲ್ಲಿಗೆ ಪಟ್ಟಿಯ ಕಥೆ ಮುಗಿಯಿತು. ಬೆಳಗ್ಗೆ ನಾಲ್ಕಕ್ಕೆ ಎಬ್ಬಿಸುವ ಪ್ರಯೋಗ ಒಂದು ತಿಂಗಳು ಸಾಗಿತು. ಅವನು ದೀಪದ ಕೆಳಗೆ ಪುಸ್ತಕ ಹಿಡಿದು ಕೂರುತ್ತಿದ್ದ, ನಾನು ಒಳಗೆ ಗಂಜಿಗೆ ನೀರಿಡುತ್ತಾ ಅವನ ಓದುವ ದನಿ ಕೇಳಿ ಸಮಾಧಾನಪಡುತ್ತಿದ್ದೆ. ಒಂದು ದಿನ ಹೊರಗೆ ಬಂದು, ಈಗ ಓದಿದ ಪುಟದಲ್ಲಿ ಏನಿತ್ತು ಎಂದು ಕೇಳಿದರೆ ಅವನಿಗೆ ಒಂದು ವಾಕ್ಯವೂ ನೆನಪಿರಲಿಲ್ಲ. ಬಾಯಿ ಓದುತ್ತಿತ್ತು, ತಲೆ ಮಲಗಿತ್ತು. ನಾನು ಎಬ್ಬಿಸುವುದನ್ನು ನಿಲ್ಲಿಸಿದೆ. ಅಂದಿನಿಂದ ಪರೀಕ್ಷೆಯವರೆಗೆ ಅವನು ರಾತ್ರಿ ಹತ್ತೂವರೆಗೆ ಮಲಗಿ ಆರಕ್ಕೆ ಏಳುತ್ತಿದ್ದ.

ಅರ್ಧವಾರ್ಷಿಕದ ಅಂಕ ಬಂದ ಮೇಲೆ ಆರಂಭಿಸಿದ ಕ್ರಮ ಇದು. ಪಾಠವನ್ನು ಒಮ್ಮೆ ಓದಿ ಪುಸ್ತಕವನ್ನು ನನ್ನ ಕೈಗೆ ಕೊಡಬೇಕು. ಖಾಲಿ ಹಾಳೆಯ ಮೇಲೆ ನೆನಪಿರುವುದನ್ನೆಲ್ಲ, ಪ್ರಶ್ನೆಯಿದ್ದರೆ ಪೂರ್ತಿ ಉತ್ತರವನ್ನು, ಬರೆಯಬೇಕು. ಬರೆದು ಮುಗಿದ ಮೇಲೆ ಪುಸ್ತಕ ತೆರೆದು ತಾನೇ ಕೆಂಪು ಶಾಯಿಯಲ್ಲಿ ತಿದ್ದಬೇಕು, ನಾನು ಮುಟ್ಟುವುದಿಲ್ಲ. ಹಾಗೆ ಸಿಕ್ಕಿದ ಒಂದೊಂದು ತಪ್ಪೂ 200 ಪುಟದ ಉದ್ದ ಪುಸ್ತಕದಲ್ಲಿ ಸಾಲದ ಖಾತೆಯಂತೆ ನಮೂದಾಗುತ್ತದೆ: ತಾರೀಕು, ವಿಷಯ, ತಪ್ಪು ಏನು, ಮತ್ತು ಮೂರು ವಾಯಿದೆಗಳು. ಎರಡನೆಯ ದಿನ, ಏಳನೆಯ ದಿನ, ಇಪ್ಪತ್ತೊಂದನೆಯ ದಿನ ಅದನ್ನೇ ಮತ್ತೆ ಕೇಳುತ್ತೇನೆ. ಮೂರೂ ವಾಯಿದೆಗೆ ಸರಿಯಾಗಿ ಬರೆದರೆ ಆ ಖಾತೆ ಚುಕ್ತಾ. ನಡುವೆ ಒಮ್ಮೆ ತಪ್ಪಿದರೂ ಸುಸ್ತಿ, ಮೊದಲ ವಾಯಿದೆಯಿಂದ ಮತ್ತೆ ಲೆಕ್ಕ.

ಒಂದು ಸಂಜೆಯನ್ನು ಹೇಳಿದರೆ ಇದು ಹೇಗೆ ನಡೆಯಿತೆಂದು ತಿಳಿಯುತ್ತದೆ. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆ ಉಳಿದೆರಡು ಬಾಹುಗಳನ್ನು ಸಮಾನುಪಾತದಲ್ಲಿ ವಿಭಾಗಿಸುತ್ತದೆ ಎನ್ನುವ ಥೇಲ್ಸ್‌ನ ಪ್ರಮೇಯ. ಅವನು ತ್ರಿಭುಜ ಎಳೆದ, ಪಾದಕ್ಕೆ ಸಮಾಂತರವಾಗಿ ಡಿಇ ರೇಖೆಯನ್ನು ಎಳೆದ, ಬಿಇ ಮತ್ತು ಸಿಡಿಗಳನ್ನು ಸೇರಿಸಿದ, ಲಂಬಗಳನ್ನೂ ಎಳೆದ. ವಿಸ್ತೀರ್ಣಗಳ ಅನುಪಾತವನ್ನು ಎರಡು ಸಲ ತೆಗೆದು ಕೊನೆಯ ಸಾಲಿಗೆ ಬಂದು ಪೆನ್ನು ಕೆಳಗಿಟ್ಟು "ಆಯಿತು" ಎಂದ. ಬಿಡಿಇ, ಸಿಡಿಇ ಎಂಬ ಎರಡು ತ್ರಿಭುಜಗಳ ವಿಸ್ತೀರ್ಣ ಸಮವೆಂದು ಬರೆದಿದ್ದೀಯಲ್ಲ ಮಗ, ಯಾಕೆ ಸಮ, ಎಂದು ಕೇಳಿದೆ. "ಚಿತ್ರ ನೋಡಿದರೆ ಗೊತ್ತಾಗುತ್ತದೆ ಅಮ್ಮ" ಎಂದ. ನನಗೆ ಗೊತ್ತಾಗುವುದಿಲ್ಲ, ನಾನು ಪಿಯುಸಿಯಲ್ಲಿ ವಾಣಿಜ್ಯ ಓದಿದವಳು, ಹೇಳು, ಎಂದೆ. ಅವನು ಸ್ವಲ್ಪ ಹೊತ್ತು ಚಿತ್ರವನ್ನೇ ನೋಡಿ, ಬೆರಳಿನಿಂದ ಡಿಇಯನ್ನು ತೋರಿಸಿ ತುಳುವಿನಲ್ಲಿ ವಿವರಿಸಿದ: ಎರಡೂ ನಿಂತಿರುವ ಪಾದ ಒಂದೇ, ಎರಡೂ ಇರುವುದು ಅದೇ ಎರಡು ಸಮಾಂತರ ರೇಖೆಗಳ ನಡುವೆ. ಅದನ್ನೇ ಕನ್ನಡದಲ್ಲಿ ಒಂದು ಸಾಲಾಗಿ ಬರೆದ. ಆ ಒಂದು ಸಾಲು ಲೆಡ್ಜರಿನಲ್ಲಿ ಮೂರು ಸಲ ಸುಸ್ತಿಯಾಯಿತು, ನಾಲ್ಕನೆಯ ಸುತ್ತಿಗೆ ಚುಕ್ತಾ ಆಯಿತು. ಮಕ್ಕಳ ಪಾಠ ನಮಗೆ ಬಾರದು ಎಂದು ಹಿಂಜರಿಯುವ ತಾಯಂದಿರಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ: ನನಗೆ ಗಣಿತ ಬಾರದಿದ್ದುದರಿಂದಲೇ ಅವನು ಹಂತ ಬಿಡದೆ ಹೇಳಬೇಕಾಯಿತು. ಮನೆಯ ಮಾತು ತುಳುವಾಗಿರುವಲ್ಲಿ ಮೊದಲು ತುಳುವಿನಲ್ಲಿ ಹೇಳಿಸಿ ಆಮೇಲೆ ಪುಸ್ತಕದ ಭಾಷೆಯಲ್ಲಿ ಬರೆಸಿದರೆ ಬಾಯಿಪಾಠದ ಟೊಳ್ಳು ಅಲ್ಲಿಯೇ ಬಯಲಾಗುತ್ತದೆ.

ಮೊದಲ ತಿಂಗಳು ಸಲೀಸಾಗಿರಲಿಲ್ಲ. ತಪ್ಪನ್ನು ಬರೆದಿಡುವುದೆಂದರೆ ಅವನಿಗೆ ಅವಮಾನವೆನಿಸುತ್ತಿತ್ತು. ಒಮ್ಮೆ ಎರಡು ಪುಟಗಳನ್ನು ಹರಿದೇ ಹಾಕಿದ. ತಪ್ಪು ನನ್ನದೂ ಇತ್ತು. ನಾನು ಆ ಪುಸ್ತಕವನ್ನು ನಾದಿನಿಗೆ, ಪಕ್ಕದ ಮನೆಯವರಿಗೆ ತೋರಿಸುತ್ತಿದ್ದೆ. ಸಾಲಗಾರನ ಖಾತೆಯನ್ನು ಸಂಘದಲ್ಲಿ ಬೇರೆಯವರ ಮುಂದೆ ತೆರೆಯದ ನಾನು ಮಗನ ಖಾತೆಯನ್ನು ಊರಿಗೆಲ್ಲ ತೆರೆದಿಟ್ಟಿದ್ದೆ. ಅವನಲ್ಲಿ ಕ್ಷಮೆ ಕೇಳಿ ಲೆಡ್ಜರನ್ನು ಅವನ ಕಪಾಟಿನಲ್ಲಿಯೇ ಇರಿಸಿದೆ. ಆಮೇಲೆ ಅವನೇ ತಪ್ಪುಗಳನ್ನು ಮೂರು ಬಗೆಯಾಗಿ ವಿಂಗಡಿಸತೊಡಗಿದ: ಗೊತ್ತಿಲ್ಲದ್ದು, ಮರೆತದ್ದು, ಗೊತ್ತಿದ್ದೂ ಬರೆಯದ್ದು. ಜನವರಿಯ ಹೊತ್ತಿಗೆ ಮೂರನೆಯ ಬಗೆಯೇ ಅರ್ಧಕ್ಕಿಂತ ಹೆಚ್ಚಿತ್ತು, ಅಕ್ಕನ ಉತ್ತರಪತ್ರಿಕೆಯಲ್ಲಿ ಕಂಡಂತೆಯೇ.

ಅದೇ ಜನವರಿಯಲ್ಲಿ ಇನ್ನೊಂದು ಎಡವಟ್ಟಾಯಿತು. ಉಡುಪಿಯ ಮೂರು ತೇರಿನ ಉತ್ಸವ, ಊರಿನ ಭೂತಕೋಲ, ಮನೆಯೆದುರಿನ ಗದ್ದೆಯಲ್ಲಿ ಯಕ್ಷಗಾನ, ಎಲ್ಲವೂ ಒಟ್ಟಿಗೆ ಬಂದು ಹತ್ತು ದಿನ ಲೆಡ್ಜರು ತೆರೆಯಲಿಲ್ಲ. ತೆರೆದಾಗ ಒಂದೇ ದಿನಕ್ಕೆ ನಲವತ್ತಕ್ಕೂ ಹೆಚ್ಚು ವಾಯಿದೆಗಳು ಬಾಕಿಯಿದ್ದವು. ಅವನು ಪುಸ್ತಕವನ್ನು ನೋಡಿಯೇ ಸೋತುಹೋದ. ಅಂದಿನಿಂದ ದಿನಕ್ಕೆ ಹನ್ನೆರಡು ವಾಯಿದೆಗಿಂತ ಹೆಚ್ಚು ಕೇಳಬಾರದೆಂದು ಮಿತಿ ಹಾಕಿದೆವು, ಉಳಿದದ್ದು ಮರುದಿನಕ್ಕೆ. ಯಕ್ಷಗಾನ ನೋಡಬೇಡವೆಂದು ನಾನು ಹೇಳಲಿಲ್ಲ, ಹೇಳಿದ್ದರೂ ಚೆಂಡೆಯ ದನಿ ಕಿವಿಗೆ ಬೀಳುವಾಗ ಅವನು ಪುಸ್ತಕ ನೋಡುತ್ತಿರಲಿಲ್ಲ.

ಸಮಾಜ ವಿಜ್ಞಾನದಲ್ಲಿ ಇಸವಿಗಳದ್ದೇ ದೊಡ್ಡ ತಲೆನೋವು. ಆಂಗ್ಲೋ-ಮೈಸೂರು ಯುದ್ಧಗಳಲ್ಲಿ ಎರಡನೆಯದು ಮುಗಿದದ್ದು 1784ರ ಮಂಗಳೂರು ಒಪ್ಪಂದದಿಂದ, ಮೂರನೆಯದು 1792ರ ಶ್ರೀರಂಗಪಟ್ಟಣ ಒಪ್ಪಂದದಿಂದ. ಮಂಗಳೂರಿಗೆ ಬಸ್ಸಿನಲ್ಲಿ ಹೋಗಿಬರುವ ಹುಡುಗ ಮಂಗಳೂರು ಒಪ್ಪಂದವನ್ನೇ ನಾಲ್ಕು ಸಲ ಅದಲುಬದಲು ಮಾಡಿದ. ಒಂದು ಭಾನುವಾರ ಅವನನ್ನು ಮಂಗಳೂರಿನ ಬೋಳೂರಿನಲ್ಲಿರುವ ಸುಲ್ತಾನ್ ಬತ್ತೇರಿಗೆ ಕರೆದುಕೊಂಡು ಹೋದೆ. ಟಿಪ್ಪು ಅದನ್ನು ಕಟ್ಟಿಸಿದ್ದು ಅದೇ 1784ರಲ್ಲಿ. ಕಪ್ಪು ಕಲ್ಲಿನ ಆ ಕಾವಲು ಬುರುಜಿನ ಮೇಲೆ ನಿಂತು, ಫಿರಂಗಿ ಇಡುವ ಕಿಂಡಿಗಳಿಂದ ಹೊಳೆಯನ್ನು ನೋಡಿ, ಆಮೇಲೆ ದೋಣಿಯಲ್ಲಿ ತಣ್ಣೀರುಬಾವಿ ಕಡಲತೀರಕ್ಕೆ ದಾಟಿ ಚುರುಮುರಿ ತಿಂದು ಬಂದೆವು. ಇಬ್ಬರಿಗೂ ಸೇರಿ 400 ರೂಪಾಯಿ ಖರ್ಚಾಗಿರಬಹುದು. 1784 ಮತ್ತೆ ತಪ್ಪಲಿಲ್ಲ; 1784 ಗಟ್ಟಿಯಾದ ಮೇಲೆ ಅದರ ಹಿಂದಿನ 1769ರ ಮದ್ರಾಸ್ ಒಪ್ಪಂದ ಮತ್ತು ಮುಂದಿನ 1792 ತಾವಾಗಿಯೇ ತಮ್ಮ ಜಾಗದಲ್ಲಿ ಕೂತವು. ಎಲ್ಲ ಇಸವಿಗೂ ಹೀಗೆ ಪ್ರವಾಸ ಮಾಡಲಾಗದು, ಆದರೆ ಗೊಂದಲದ ಒಂದು ಗೊಂಚಲಿನಲ್ಲಿ ಒಂದನ್ನು ಮೊಳೆ ಹೊಡೆದಂತೆ ನಿಲ್ಲಿಸಿದರೆ ಉಳಿದವನ್ನು ಅದಕ್ಕೆ ಕಟ್ಟಬಹುದು.

ಬೇರೆ ಪ್ರಯೋಗಗಳೂ ನಡೆದವು. ಅತ್ತೆಯವರು ನೆನಪಿನ ಶಕ್ತಿಗೆಂದು ಎರಡು ತಿಂಗಳು ದಿನವೂ ತಿಮರೆ (ಒಂದೆಲಗ) ಚಟ್ನಿ ಅರೆದು ಬಡಿಸಿದರು. ಅದರಿಂದ ನೆನಪು ಎಷ್ಟು ಹೆಚ್ಚಿತೆಂದು ನನ್ನ ಲೆಡ್ಜರಿನಲ್ಲಿ ಗುರುತಿಸಲು ಆಗಲಿಲ್ಲ, ಊಟ ಮಾತ್ರ ಚೆನ್ನಾಗಿ ಸೇರಿತು. ಉತ್ತರಗಳನ್ನು ಅವನದೇ ದನಿಯಲ್ಲಿ ಮೊಬೈಲಿಗೆ ಹೇಳಿಸಿ ಬಸ್ಸಿನಲ್ಲಿ ಕೇಳಿಸಿದ್ದು ಕನ್ನಡ ಪದ್ಯಗಳಿಗೆ ಮತ್ತು ಹಿಂದಿಗೆ ಉಪಯೋಗವಾಯಿತು, ವಿಜ್ಞಾನಕ್ಕೆ ಒಂದಿಷ್ಟೂ ಆಗಲಿಲ್ಲ. ಕಿರಣಚಿತ್ರವನ್ನು ಕಿವಿಯಿಂದ ಕಲಿಯಲಾಗುವುದಿಲ್ಲ. ಪೀನ ಮಸೂರದ ಮುಂದೆ ವಸ್ತು ಎಲ್ಲೆಲ್ಲಿ ಇದ್ದರೆ ಪ್ರತಿಬಿಂಬ ಎಲ್ಲೆಲ್ಲಿ ಎಂಬುದನ್ನು, ಕಿರಣಗಳ ಮೇಲೆ ಬಾಣದ ಗುರುತಿನ ಸಮೇತ, ಕೈಯಿಂದಲೇ ಎಳೆದೆಳೆದು ಕಲಿಯಬೇಕಾಯಿತು.

ಫೆಬ್ರವರಿಯಿಂದ ವಾರಕ್ಕೆ ಎರಡು ಹಳೆಯ ಪ್ರಶ್ನೆಪತ್ರಿಕೆಗಳು. ಮಂಡಳಿಯ ಜಾಲತಾಣದಿಂದ ಇಳಿಸಿಕೊಂಡು ಜೆರಾಕ್ಸ್ ಮಾಡಿಸಿದೆವು. ಗಣಿತದಲ್ಲಿ 38 ಪ್ರಶ್ನೆಗಳು. ಊಟದ ಮೇಜಿನ ಮೇಲೆ ಗಡಿಯಾರ ಇಟ್ಟು ಪೂರ್ತಿ ಅವಧಿಗೆ ಒಂದೇ ಬಾರಿಗೆ ಬರೆಸುತ್ತಿದ್ದೆ, ನಡುವೆ ನೀರಿಗೆ ಬಿಟ್ಟು ಏಳುವಂತಿರಲಿಲ್ಲ. ಮೊದಲ ಪತ್ರಿಕೆಯಲ್ಲಿ ಸಮಯ ಸಾಲದೆ ನಾಲ್ಕು ಅಂಕದ ಎರಡು ಪ್ರಶ್ನೆಗಳು ಉಳಿದವು. ಐದನೆಯದರ ಹೊತ್ತಿಗೆ ಹತ್ತು ನಿಮಿಷ ಮಿಗುತ್ತಿತ್ತು. ಮೌಲ್ಯಮಾಪನ ಮಾಡುವಾಗ ಮಾದರಿ ಉತ್ತರದಲ್ಲಿ ಯಾವ ಹಂತಕ್ಕೆ ಅರ್ಧ ಅಂಕ ಎಂದಿದೆಯೋ ಅಷ್ಟೇ ಕೊಟ್ಟೆ, ಕರುಣೆಗೆ ಒಂದನ್ನೂ ಸೇರಿಸಲಿಲ್ಲ. ಶಾಲೆಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತಕ್ಕೆ 61 ಬಂದಾಗ ಮಾಸ್ತರರು ಅವನನ್ನು ಕರೆದು ಯಾವ ಟ್ಯೂಷನ್ನಿಗೆ ಸೇರಿದೆ ಎಂದು ಕೇಳಿದರಂತೆ. ಅಂದು ಸಂಜೆ ಸಂಘದಿಂದ ಬರುವಾಗ ಬಿಸಿ ಗೋಳಿಬಜೆ ಕಟ್ಟಿಸಿಕೊಂಡು ಬಂದೆ.

ನಮ್ಮ ಎರಡು ಜಿಲ್ಲೆಗಳ ಮಕ್ಕಳ ಮೇಲೆ ಬೀಳುವ ಭಾರ ಬೇರೆ ಕಡೆಯವರಿಗೆ ಅಷ್ಟು ಬೇಗ ಅರ್ಥವಾಗದು. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ರಾಜ್ಯಕ್ಕೆ ಉಡುಪಿ ಮೊದಲು, 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಇಲ್ಲಿ ಪಾಸಾಗುವುದು ಸುದ್ದಿಯೇ ಅಲ್ಲ; ಮದುವೆಮನೆಯಲ್ಲಿ ಊಟಕ್ಕೆ ಕೂತಾಗಲೂ "ಎಷ್ಟು ಬರಬಹುದು" ಎಂದೇ ಕೇಳುತ್ತಾರೆ. ಲೆಡ್ಜರಿನಿಂದ ಆದ ದೊಡ್ಡ ಉಪಕಾರವೆಂದರೆ ಮಗನಿಗೆ ಆ ಪ್ರಶ್ನೆಯ ಹೆದರಿಕೆ ಹೋದದ್ದು. ಎಷ್ಟು ಬಾಕಿಯಿದೆಯೆಂದು ಅವನಿಗೆ ಗೊತ್ತಿತ್ತು. ಮಾರ್ಚ್ 20ರ ರಾತ್ರಿ, ಮೊದಲ ಪರೀಕ್ಷೆಯ ಹಿಂದಿನ ದಿನ, ಒಟ್ಟು 430ರಷ್ಟು ನಮೂದುಗಳಲ್ಲಿ ಸುಮಾರು 60 ಸುಸ್ತಿಯಲ್ಲಿದ್ದವು. ಅಷ್ಟನ್ನು ಮಾತ್ರ ನೋಡಿ ಮಲಗಿದ.

ಖರ್ಚಿನ ಲೆಕ್ಕ ಹೇಳಿಬಿಡುತ್ತೇನೆ. ಪ್ರೆಸ್ಸಿನಿಂದ ಕಿಲೋ ಲೆಕ್ಕದಲ್ಲಿ ತಂದ, ಒಂದು ಬದಿ ಖಾಲಿಯಿದ್ದ ಕಾಗದ ಎಂಟು ಕಿಲೋ, 240 ರೂಪಾಯಿ. ಉದ್ದ ಪುಸ್ತಕ ಎರಡು, 180. ಜೆರಾಕ್ಸ್ ಮತ್ತು ಪೆನ್ನುಗಳಿಗೆ 700ರ ಆಸುಪಾಸು. ಬತ್ತೇರಿಯ ಪ್ರಯಾಣ ಸೇರಿಸಿದರೂ 1,600 ದಾಟಲಿಲ್ಲ. ಹಣಕ್ಕಿಂತ ಹೆಚ್ಚು ಹೋದದ್ದು ನನ್ನ ಸಮಯ: ದಿನಕ್ಕೆ ಒಂದೂವರೆ ಗಂಟೆ, ಐದು ತಿಂಗಳು. ಸಂಜೆಯ ಧಾರಾವಾಹಿಗಳನ್ನೂ ಸ್ವಸಹಾಯ ಗುಂಪಿನ ಕೆಲವು ಸಭೆಗಳನ್ನೂ ಬಿಟ್ಟೆ. ಆ ಸಮಯ ಕೊಡಲಾಗದವರಿಗೆ ಈ ಕ್ರಮವನ್ನು ನಾನು ಹೇಳುವುದಿಲ್ಲ. ವಾಯಿದೆಯ ದಿನ ಕೇಳುವವರಿಲ್ಲದಿದ್ದರೆ ಲೆಡ್ಜರು ಬರೀ ತಪ್ಪುಗಳ ಪಟ್ಟಿಯಾಗಿ ಉಳಿಯುತ್ತದೆ.

ಪ್ರಶ್ನೆಪತ್ರಿಕೆ ಓದಲು ಕೊಡುವ ಮೊದಲ 15 ನಿಮಿಷಗಳಲ್ಲಿ ಅವನು ಏನು ಮಾಡುತ್ತಿದ್ದ ಎಂಬುದನ್ನೂ ಲೆಡ್ಜರಿನ ಕೊನೆಯ ಅಂಕಣದಲ್ಲಿ ಏನು ಬರೆಯುತ್ತಿದ್ದ ಎಂಬುದನ್ನೂ ನಾನು ಇಲ್ಲಿ ಬರೆಯುತ್ತಿಲ್ಲ. ಅವೆರಡೂ ಅವನೇ ಕಂಡುಕೊಂಡವು, ಅತ್ತೆಯ ಮಗಳಿಗೆ ತಾನೇ ಹೇಳಿಕೊಡುತ್ತೇನೆಂದು ಅವನು ನನ್ನಿಂದ ಮಾತು ತೆಗೆದುಕೊಂಡಿದ್ದಾನೆ. ನಾದಿನಿ ಅವನ ಹಳೆಯ ಲೆಡ್ಜರನ್ನೇ ಕೊಡಿ ಎಂದಳು. ಅದು ಅವನ ಸಾಲ, ನಿನ್ನ ಮಗಳದ್ದಲ್ಲ ಎಂದು ಹೇಳಿ, 90 ರೂಪಾಯಿಯ ಹೊಸ ಉದ್ದ ಪುಸ್ತಕ ತಂದುಕೊಟ್ಟೆ. ಹುಡುಗಿ ಜೂನ್‌ನಲ್ಲಿಯೇ ಆರಂಭಿಸಿದ್ದಾಳೆ. ಮಳೆಯ ರಜೆಗಳಲ್ಲಿ ನಮ್ಮ ಮನೆಗೇ ಬಂದು ಬರೆದು ಈವರೆಗೆ 37 ನಮೂದುಗಳಾಗಿವೆ. ಮೊದಲ ಪುಟದಲ್ಲಿ ನೀಲಿ ಶಾಯಿಯಲ್ಲಿ "ಏಕಮಾನ ಬರೆಯಲಿಲ್ಲ" ಎಂದು ಆರು ಸಲ ಇದೆ.