ಗಿಡದ ಸಾರದಲ್ಲಿ ವೈರಸ್ ಮದ್ದು ಹುಡುಕಿದ ಅನುಭವ

ಡೆಂಗಿ, ಚಿಕೂನ್‌ಗುನ್ಯಾ ಎರಡನ್ನೂ ತಡೆಯುವ ಒಂದೇ ಸಸ್ಯದ ಅಂಶ ಸಿಗುತ್ತಾ ಅಂತ ನೋಡುವುದು ಲ್ಯಾಬಿನಲ್ಲಿ ನನ್ನ ಕೆಲಸ. ಎರಡೂ ಬೇರೆ ಬೇರೆ ಕುಟುಂಬದ ವೈರಸ್‌ಗಳು, ಹರಡುವ ಸೊಳ್ಳೆ ಮಾತ್ರ ಒಂದೇ. ಜ್ವರದ ಮೊದಲ ದಿನಗಳಲ್ಲಿ ಇದು ಯಾವುದು ಅಂತ ಹೇಳುವುದು ಕಷ್ಟ. ಎರಡಕ್ಕೂ ಆಗುವ ಮದ್ದಿದ್ದರೆ ಟೆಸ್ಟ್ ರಿಪೋರ್ಟಿಗೆ ಕಾಯಬೇಕಿಲ್ಲ, ಅಲ್ವಾ?

ಶುರು ಮಾಡಿದ್ದು ನೆಲಬೇವಿನಿಂದ. ತಮಿಳುನಾಡಿನಲ್ಲಿ ಡೆಂಗಿ ಹಬ್ಬಿದಾಗ ಸರ್ಕಾರವೇ ಇದರ ಕಷಾಯ ಹಂಚಿದೆ. ಗ್ರಂಥಿಗೆ ಅಂಗಡಿಯಲ್ಲಿ ಕಿರಾತಕಡ್ಡಿ ಕೇಳಿದರೂ ಎಷ್ಟೋ ಸಲ ಇದನ್ನೇ ಕೊಡುತ್ತಾರೆ. ಎರಡೂ ಕಹಿ, ಗಿಡ ಬೇರೆ. ಹಾಗಾಗಿ ಹೂ ಬಿಟ್ಟ ಗಿಡವನ್ನೇ ತಂದು, ಸಸ್ಯಶಾಸ್ತ್ರದವರಿಂದ ಗುರುತು ಹಾಕಿಸಿಕೊಳ್ಳುತ್ತೇನೆ. ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಮೆಥನಾಲ್‌ನಲ್ಲಿ ನೆನೆಸಿ ಸೋಸುವುದು. ಮೆಥನಾಲ್ ಹಾರಿಸಿದ ಮೇಲೆ ಉಳಿಯುವ ಅಂಟು ಸಾರವನ್ನು ಡಿಎಂಎಸ್‌ಒ ಅನ್ನುವ ದ್ರಾವಕದಲ್ಲಿ ಕರಗಿಸಿ ಜೀವಕೋಶಗಳಿಗೆ ಹಾಕುವುದು.

ವೈರಸ್ ಆಮೇಲೆ. ಸಾರ ಕೋಶವನ್ನೇ ಕೊಲ್ಲುತ್ತದಾ ಅನ್ನುವುದು ಮೊದಲು. ಸತ್ತ ಕೋಶದಲ್ಲಿ ವೈರಸ್ ಬೆಳೆಯದಿದ್ದರೆ ಅದೇನು ಮದ್ದಿನ ಗೆಲುವಲ್ಲ. ಇದಕ್ಕೆ ಎಂಟಿಟಿ ಟೆಸ್ಟ್ ಇದೆ. ಎಂಟಿಟಿ ಅನ್ನುವುದು ಹಳದಿ ಬಣ್ಣದ ರಾಸಾಯನಿಕ, ಬದುಕಿರುವ ಕೋಶ ಅದನ್ನು ನೇರಳೆ ಮಾಡುತ್ತದೆ. ತಮಾಷೆಯೆಂದರೆ, ಪಾಲಿಫೀನಾಲ್ ಅನ್ನುವ ಸಸ್ಯದ ರಾಸಾಯನಿಕಗಳು ಜಾಸ್ತಿ ಇರುವ ಸಾರ ಕೋಶವೇ ಇಲ್ಲದಿದ್ದರೂ ನೇರಳೆ ಬಣ್ಣ ತರುತ್ತದೆ! ಅದಕ್ಕೇ ಪ್ರತಿ ಪ್ಲೇಟಿನಲ್ಲೂ ಕೋಶವಿಲ್ಲದೆ ಬರೀ ಸಾರ ಹಾಕಿದ ವೆಲ್‌ಗಳನ್ನು (ಪ್ಲೇಟಿನ ಪುಟ್ಟ ಕುಳಿಗಳನ್ನು) ಇಡುತ್ತೇನೆ, ಎಂಟಿಟಿ ಹಾಕುವ ಮುಂಚೆ ಕೋಶಗಳನ್ನು ತೊಳೆಯುತ್ತೇನೆ.

ಇನ್ನೊಂದು ಕಾಟ ಟ್ಯಾನಿನ್, ಅಂದರೆ ಗಿಡದ ಒಗರು ಅಂಶ. ಅಳಲೆಕಾಯಿ, ದಾಳಿಂಬೆ ಸಿಪ್ಪೆ ಯಾವ ವೈರಸ್ಸಿಗೆ ಹಾಕಿದರೂ ಪಾಸ್. ನೋಡಿದವರಿಗೆ ಖುಷಿಯೋ ಖುಷಿ. ಒಗರು ಕಾಯಿ ಕಚ್ಚಿದರೆ ನಾಲಿಗೆ ಹಿಡಿದ ಹಾಗೆ ಟ್ಯಾನಿನ್ ಸಿಕ್ಕ ಸಿಕ್ಕ ಪ್ರೋಟೀನಿಗೆಲ್ಲ ಅಂಟುತ್ತದೆ. ವೈರಸ್ಸಿನ ಹೊರಮೈಗೂ ಅಂಟುತ್ತದೆ, ರಕ್ತದ ಪ್ರೋಟೀನಿಗೂ ಅಂಟುತ್ತದೆ. ಟ್ಯಾನಿನ್ ಹಿಡಿದುಕೊಳ್ಳುವ ಪಿವಿಪಿಪಿ ಅನ್ನುವ ಪುಡಿಯಲ್ಲಿ ಅದನ್ನು ತೆಗೆದು ಮತ್ತೆ ನೋಡಿದಾಗ ನನ್ನ ಪಟ್ಟಿಯ ಬಹುಪಾಲು ಹೆಸರು ಅಳಿಸಿಹೋದವು. ಸಾರ ಹಾಕುವ ಹೊತ್ತನ್ನೂ ಬದಲಿಸಬೇಕು. ವೈರಸ್ ಜೊತೆ ಬೆರೆಸಿದಾಗ ಮಾತ್ರ ಕೆಲಸ ಮಾಡಿ, ವೈರಸ್ ಒಳಹೊಕ್ಕ ಮೇಲೆ ಸುಮ್ನೆ ಕೂತರೆ ನಾನು ಅದನ್ನು ಬದಿಗಿಡುತ್ತೇನೆ.

ವೈರಸ್ ಎಷ್ಟು ಉಳಿದಿದೆ ಅಂತ ತಿಳಿಯಲು ಪ್ಲಾಕ್ ಎಣಿಸುತ್ತೇನೆ, ಅಂದರೆ ಕೋಶಗಳ ಪದರದಲ್ಲಿ ವೈರಸ್ ಕೊಂದು ಮಾಡಿದ ತೂತುಗಳನ್ನು. ಚಿಕೂನ್‌ಗುನ್ಯಾ ಎರಡು ಮೂರು ದಿನಕ್ಕೆ ತೂತು ತೋರಿಸುತ್ತದೆ, ಡೆಂಗಿ ಐದಾರು ದಿನ ಕಾಯಿಸುತ್ತದೆ. ಕೋತಿಯ ಮೂತ್ರಪಿಂಡದಿಂದ ಬಂದ ವೀರೋ ಕೋಶ ಒಂದನ್ನೇ ನಂಬಬಾರದು. ಅದು ವೈರಸ್ ವಿರುದ್ಧ ಕೋಶಗಳು ಮಾಡುವ ರಕ್ಷಣಾ ಪ್ರೋಟೀನ್ ಆದ ಇಂಟರ್‌ಫೆರಾನ್ ತಯಾರಿಸುವುದಿಲ್ಲ, ಆ ದಾರಿಯಲ್ಲಿ ಕೆಲಸ ಮಾಡುವ ಅಂಶ ಅಲ್ಲಿ ಕಾಣುವುದೇ ಇಲ್ಲ. ಮನುಷ್ಯರ ಯಕೃತ್ತಿನ ಕೋಶದಲ್ಲೂ ನೋಡುತ್ತೇನೆ.

ನೆಲಬೇವಿನ ಮುಖ್ಯ ಕಹಿ ಅಂಶ ಆಂಡ್ರೋಗ್ರಾಫೋಲೈಡ್ ಎರಡೂ ವೈರಸ್ಸನ್ನು ಇಳಿಸಿತು. ಆದರೆ ವೈರಸ್ ಅರ್ಧಕ್ಕೆ ಇಳಿಯುವ ಪ್ರಮಾಣಕ್ಕೂ ಕೋಶ ಅರ್ಧ ಸಾಯುವ ಪ್ರಮಾಣಕ್ಕೂ ಅಂತರ ಕಮ್ಮಿ. ಹತ್ತು ಪಟ್ಟಾದರೂ ಇರಲಿ ಅಂತ ನಾನು ನೋಡುತ್ತೇನೆ. ಹಲವು ವೈರಸ್‌ಗೆ ಆಗುವ ಅಂಶಗಳಲ್ಲಿ ಎಷ್ಟೋ ನಮ್ಮ ಕೋಶದ ಯಂತ್ರವನ್ನೇ ಹಿಡಿಯುತ್ತವೆ, ಹಾಗಾಗಿ ಈ ಜಗ್ಗಾಟ ತಪ್ಪಿದ್ದಲ್ಲ.

ಆಸ್ಟ್ರೇಲಿಯಾದ ಒಂದು ಮರದ ಬೀಜದಲ್ಲಿರುವ ಕ್ಯಾಸ್ಟನೋಸ್ಪರ್ಮಿನ್ ಇದಕ್ಕೆ ಒಳ್ಳೆ ಉದಾಹರಣೆ. ಅದು ಕೋಶದ ಗ್ಲೂಕೋಸಿಡೇಸ್ ಕಿಣ್ವವನ್ನು ತಡೆಯುತ್ತದೆ. ಆಗ ವೈರಸ್ಸಿನ ಹೊದಿಕೆಯ ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳುವುದಿಲ್ಲ. ಅದರಿಂದ ಮಾಡಿದ ಸೆಲ್ಗೋಸಿವಿರ್ ಡೆಂಗಿ ತಗುಲಿದ ಇಲಿಗಳನ್ನು ಉಳಿಸಿತ್ತು. ಸಿಂಗಪುರದಲ್ಲಿ 50 ರೋಗಿಗಳ ಮೇಲೆ ನೋಡಿದ ಫಲಿತಾಂಶ 2014ರಲ್ಲಿ ಬಂತು. ಮದ್ದು ಸುರಕ್ಷಿತ, ಆದರೆ ವೈರಸ್ಸೂ ಜ್ವರವೂ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಡೆಂಗಿ ರೋಗಿ ಆಸ್ಪತ್ರೆಗೆ ಬರುವ ಹೊತ್ತಿಗೆ ರಕ್ತದಲ್ಲಿ ವೈರಸ್ ಆಗಲೇ ಏರಿ ಇಳಿಯಲು ಶುರುವಾಗಿರುತ್ತದೆ. ಇಲಿಗೆ ಮೊದಲೇ ಕೊಡಬಹುದು, ಮನುಷ್ಯರಿಗೆ ಆಗುವುದಿಲ್ಲ. ಅದನ್ನು ಓದಿದ ಮೇಲೆ ನಾನು ಪ್ರತಿ ಸಲ ಒಂದು ಪ್ಲೇಟ್ ಜಾಸ್ತಿ ಇಡುತ್ತೇನೆ. ಅದರಲ್ಲಿ ಸೋಂಕಾಗಿ 24 ಗಂಟೆ ಕಳೆದ ಮೇಲೆ ಮದ್ದು ಹಾಕುವುದು. ಆ ಪ್ಲೇಟಿನಲ್ಲಿ ನೆಲಬೇವು ಸಪ್ಪೆ.